ಒಂದೂವರೆ ಲಕ್ಷದ ಸೈಕಲ್ಲು: ಪೆಟ್ಟಿಗೆಯಲ್ಲಿ ತರಿಸುವುದೋ, ಅಂಗಡಿಗೆ ಹೋಗುವುದೋ?

“ಸೈಕಲ್ಲಿಗೆ ಒಂದೂವರೆ ಲಕ್ಷವೇ? ಅಷ್ಟು ದುಡ್ಡಿಗೆ ಕರೆಯೋ ಹಸು ಎರಡು ಬರ್ತವಲ್ಲೇ!”

ನಮ್ಮ ಅತ್ತೆಯವರು ಹೀಗೆಂದಾಗ ನನಗೂ ಎದುರುತ್ತರ ಹೊಳೆಯಲಿಲ್ಲ. ಅವರ ಲೆಕ್ಕದಲ್ಲಿ ಸೈಕಲ್ಲೆಂದರೆ ನಮ್ಮ ಮಾವನವರು ತರೀಕೆರೆಯಿಂದ ಲಕ್ಕವಳ್ಳಿಯವರೆಗೆ ತುಳಿದುಕೊಂಡು ಹೋಗುತ್ತಿದ್ದ ಕಪ್ಪು ಬಣ್ಣದ ಅಟ್ಲಾಸ್. ಹಿಂದೆ ಕ್ಯಾರಿಯರು, ಮುಂದೆ ಬೆಲ್ಲು, ಸೀಟಿನ ಕೆಳಗೆ ಎಣ್ಣೆ ಬಟ್ಟೆ. (ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತು. ಆ ಸುದ್ದಿ ಓದಿ ಹೇಳಿದಾಗ ಅತ್ತೆಯವರು ನಂಟರೇ ಯಾರೋ ಹೋದಂತೆ ನೊಂದುಕೊಂಡಿದ್ದರು.) ನನ್ನ ಲೆಕ್ಕದಲ್ಲಿ ಸೈಕಲ್ಲೆಂದರೆ, 2006-07ರಲ್ಲಿ ಆರಂಭವಾದ ಯೋಜನೆಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಕೊಡುತ್ತಿದ್ದದ್ದು. ಮಗಳು ತುಳಿಯಲು ಕಲಿತದ್ದು ಅದರಲ್ಲಿಯೇ.

ಈಗ ಅದೇ ಮಗಳು ಕೇಳುತ್ತಿದ್ದದ್ದು ‘ಕಾರ್ಬನ್ ರೋಡ್ ಬೈಕ್’. ಬೈಕ್ ಎಂದರೆ ಮೋಟಾರಿನದಲ್ಲ, ಪೆಡಲ್ ತುಳಿಯುವ ಸೈಕಲ್ಲೇ. ಕುರಿಯ ಕೊಂಬಿನಂತೆ ಬಗ್ಗಿದ ಹ್ಯಾಂಡಲ್ಲು, ಸಪೂರ ಚಕ್ರ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಸ್ಟ್ಯಾಂಡ್ ಕೂಡ ಇಲ್ಲ. “ಏನೂ ಇಲ್ಲದ್ದಕ್ಕೇ ಅಷ್ಟು ದುಡ್ಡಾ?” ಎಂದರು ಅತ್ತೆ. ಒಂದು ರೀತಿಯಲ್ಲಿ ಹೌದು. ಆ ‘ಇಲ್ಲ’ಕ್ಕೇ ದುಡ್ಡು.

ಅರ್ಧ ಹಣ ಅವಳದೇ ಸಂಬಳದ ಉಳಿತಾಯ. ಉಳಿದರ್ಧ ನಾನು ಅವಳಿಗೆ ಬಳೆ ಮಾಡಿಸಲೆಂದು ಕಟ್ಟುತ್ತಿದ್ದ ಚೀಟಿಯದು. ಹಾಗಾಗಿ ಈ ವ್ಯವಹಾರದಲ್ಲಿ ನಾನೂ ಪಾಲುದಾರಳಾದೆ. ಪಾಲುದಾರಳಾದ ಮೇಲೆ ಕಣ್ಣುಮುಚ್ಚಿ ಕೂರುವುದು ನಮ್ಮ ಜಾಯಮಾನವೇ ಅಲ್ಲವಲ್ಲ! ಎರಡು ತಿಂಗಳು ಕೇಳಿದೆ, ಓದಿದೆ, ಅಂಗಡಿ ಸುತ್ತಿದೆ. ನಿಮ್ಮ ಮನೆಯಲ್ಲೂ ಮಗನೋ ಮಗಳೋ ನಾಳೆ ಇದೇ ಹಟ ಹಿಡಿದರೆ ಉಪಯೋಗಕ್ಕೆ ಬರಲೆಂದು ಬರೆಯುತ್ತಿದ್ದೇನೆ.

ಮೊದಲ ಪೆಟ್ಟಿಗೆಯ ಕಥೆ

ಮೂರು ವರ್ಷದ ಹಿಂದೆ ಒಂದು ಹಬ್ಬದ ರಿಯಾಯಿತಿಯಲ್ಲಿ ಅವಳು ಫೋನಿನಲ್ಲೇ ನೋಡಿ ಅಲ್ಯೂಮಿನಿಯಂ ಸೈಕಲ್ಲೊಂದನ್ನು ತರಿಸಿದ್ದಳು. ಆಳೆತ್ತರದ ರಟ್ಟಿನ ಪೆಟ್ಟಿಗೆ ಬಾಗಿಲಿಗೆ ಬಂತು. ಬಣ್ಣ ಚೆನ್ನಾಗಿತ್ತು, ಬೆಲೆ ಚೆನ್ನಾಗಿತ್ತು. ಅಳತೆ ಮಾತ್ರ 56. ಅದು ಆರಡಿಗೆ ಎರಡು ಮೂರು ಅಂಗುಲ ಕಡಿಮೆ ಇರುವ ಗಂಡಸರಿಗೆ ಹೊಂದುವ ಅಳತೆಯೆಂದು ನಮಗಾರಿಗೂ ಗೊತ್ತಿಲ್ಲ. ನಮ್ಮ ಹುಡುಗಿ ಐದಡಿ ಮೂರಂಗುಲ. ರಿಯಾಯಿತಿಯಲ್ಲಿ ಉಳಿದಿದ್ದ ಅಳತೆ ಅದೊಂದೇ. ಅದಕ್ಕೇ ರಿಯಾಯಿತಿ ಎನ್ನುವುದು ಆಮೇಲೆ ಹೊಳೆಯಿತು. ಸೀರೆ ಅಂಗಡಿಯಲ್ಲಿ ಆಷಾಢದ ಸೇಲ್ ನೋಡಿದ ನನಗಾದರೂ ತಿಳಿಯಬೇಕಿತ್ತು.

ಕಾಲು ನೆಲಕ್ಕೆ ಎಟುಕಲಿ ಎಂದು ಸೀಟನ್ನು ಪೂರ್ತಿ ಇಳಿಸಿದಳು. ಹ್ಯಾಂಡಲ್ ಹಿಡಿಯಲು ನೇಗಿಲಿಗೆ ಬಗ್ಗಿದಂತೆ ಬಗ್ಗಬೇಕು. ನಾಲ್ಕು ತಿಂಗಳಲ್ಲಿ ಕುತ್ತಿಗೆ ನೋವು, ಅಂಗೈ ಮರಗಟ್ಟುವುದು, ಆಮೇಲೆ ಮಂಡಿ. ಸೀಟು ತೀರ ಕೆಳಗಿದ್ದರೆ ಪ್ರತಿ ಸುತ್ತಿಗೂ ಮಂಡಿ ಅತಿಯಾಗಿ ಮಡಚಿ, ಚಿಪ್ಪಿನ ಮುಂಭಾಗಕ್ಕೆ ಒತ್ತಡ ಬೀಳುತ್ತದಂತೆ. ಶಿವಮೊಗ್ಗದ ಡಾಕ್ಟರು ಆರು ತಿಂಗಳು ಸೈಕಲ್ ಮುಟ್ಟಬೇಡ ಎಂದರು. ಬೆಳಗ್ಗೆ ಐದಕ್ಕೆದ್ದು ಲಿಂಗದಹಳ್ಳಿ ದಾರಿ ಹಿಡಿಯುತ್ತಿದ್ದ ಹುಡುಗಿ ಮೂಲೆಯಲ್ಲಿ ಕುಳಿತು ಮೊಬೈಲ್ ನೋಡುವಂತಾಯಿತು. ಮಾರಿದವರನ್ನು ಕೇಳಿದರೆ, “ಅಳತೆಯ ಪಟ್ಟಿ ಹಾಕಿದ್ದೆವು, ನೀವೇ ಆರಿಸಿಕೊಂಡಿರಿ, ವಾಪಸಿನ ಅವಧಿ ಮುಗಿದಿದೆ” ಎಂಬ ಉತ್ತರ.

ಹೀಗಾಗಿ ಎರಡನೆಯ ಸೈಕಲ್ಲಿನ ಮಾತು ಬಂದಾಗ ನನಗೆ ಹಣಕ್ಕಿಂತ ಹೆಚ್ಚಾಗಿ ಕಾಡಿದ್ದು ಅವಳ ಮಂಡಿ.

ಕಾರ್ಬನ್ ಎಂದರೇನು?

ಹೆಸರು ಕೇಳಿ ಕಲ್ಲಿದ್ದಲು ಅಂದುಕೊಂಡಿದ್ದೆ. ಕೂದಲಿಗಿಂತ ಎಷ್ಟೋ ಸಣ್ಣಗಿರುವ ಕಪ್ಪು ಇಂಗಾಲದ ಎಳೆಗಳು. ಅವನ್ನು ಬಟ್ಟೆಯ ಹಾಗೆ ಹಾಳೆ ಮಾಡಿ, ಅಂಟಿನಂಥ ರಾಳದಲ್ಲಿ ನೆನೆಸಿ, ಅಚ್ಚಿನ ಮೇಲೆ ಪದರ ಪದರವಾಗಿ ಹೊದಿಸಿ, ಕಾವು ಕೊಟ್ಟು ಗಟ್ಟಿ ಮಾಡುತ್ತಾರೆ. ಗಂಜಿ ಹಾಕಿದ ಬಟ್ಟೆ ಸೆಟೆದು ನಿಲ್ಲುವುದಿಲ್ಲವೇ, ಹಾಗೆನ್ನಿ. ಈ ಗಂಜಿ ಮಾತ್ರ ನೀರಿಗೆ ಬಿಡುವುದಿಲ್ಲ. ಎಳೆ ಯಾವ ದಿಕ್ಕಿಗೆ ಹಾಕಿದರೋ ಆ ದಿಕ್ಕಿಗೆ ಬಲ. ಬಲ ಬೇಕಾದಲ್ಲಿ ಎರಡು ಪದರ ಹೆಚ್ಚು, ಬೇಡವಾದಲ್ಲಿ ಕಡಿಮೆ. ಅದಕ್ಕೇ ಇಡೀ ಫ್ರೇಮು ಒಂದು ಕಿಲೋ ಆಸುಪಾಸು ತೂಗುತ್ತದೆ. ಪೂರ್ತಿ ಸೈಕಲ್ಲು ಎಂಟು ಎಂಟೂವರೆ ಕಿಲೋ. ದೊಡ್ಡ ಪಂದ್ಯಗಳಲ್ಲಿ 6.8 ಕಿಲೋಗಿಂತ ಹಗುರಾದ ಸೈಕಲ್ ತರಬಾರದೆಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ 2000ದಿಂದ ನಿಯಮವನ್ನೇ ಮಾಡಿದೆಯಂತೆ! ಮಾವನವರ ಅಟ್ಲಾಸ್ ಎತ್ತಲು ಇಬ್ಬರು ಬೇಕಿತ್ತು. ಇದನ್ನು ಅತ್ತೆಯವರೇ ಒಂದು ಕೈಯಲ್ಲಿ ಎತ್ತಿ ನೋಡಿ, “ಇದೇನೇ, ಬೆತ್ತದ ಬುಟ್ಟಿ ಇದ್ದ ಹಾಗಿದೆ” ಎಂದರು.

ಒಳ್ಳೆಯದನ್ನು ಹೇಳಿದ ಮೇಲೆ ಕೆಟ್ಟದ್ದನ್ನೂ ಹೇಳಬೇಕು. ಹಿತ್ತಾಳೆ ಚೆಂಬು ಕೈಜಾರಿದರೆ ನೆಗ್ಗುತ್ತದೆ; ನೆಗ್ಗಿದ್ದು ಕಣ್ಣಿಗೆ ಕಾಣುತ್ತದೆ. ಉಪ್ಪಿನಕಾಯಿಯ ಜಾಡಿ ನೆಗ್ಗುವುದಿಲ್ಲ, ಸೀಳುಬಿಡುತ್ತದೆ. ಕಾರ್ಬನ್ ಜಾಡಿಯ ಜಾತಿ. ತುಳಿಯುವ ಭಾರವನ್ನು ವರ್ಷಗಟ್ಟಲೆ ತಡೆಯುತ್ತದೆ, ಆದರೆ ಕಲ್ಲಿನ ಮೂಲೆಗೆ ಬಡಿದರೆ, ಬೋಲ್ಟನ್ನು ಅತಿಯಾಗಿ ಬಿಗಿದರೆ, ಬಣ್ಣದ ಕೆಳಗೆ ಬಿರುಕು ಮೂಡಿ ಮೇಲೆ ಕೂದಲೆಳೆಯಷ್ಟೇ ಕಾಣಬಹುದು. ನಮ್ಮ ಬಂಧುಗಳ ಹುಡುಗನೊಬ್ಬ ಅರ್ಧ ಬೆಲೆಗೆ ಸಿಕ್ಕಿತೆಂದು ಫೋಟೋ ನೋಡಿ ಹಳೆಯ ಕಾರ್ಬನ್ ಸೈಕಲ್ ತರಿಸಿದ. ಪೆಡಲಿನ ಹತ್ತಿರ ಸ್ಟಿಕ್ಕರ್ ಅಂಟಿಸಿತ್ತು. ಸ್ಟಿಕ್ಕರ್ ಕಿತ್ತರೆ ಕೆಳಗೆ ಬಿರುಕು. ನಾಣ್ಯದಿಂದ ತಟ್ಟಿ ನೋಡಿದರೆ ಉಳಿದ ಕಡೆ ಟಣ್ ಎನ್ನುವುದು, ಅಲ್ಲಿ ಮಾತ್ರ ಹುಳುಕು ತೆಂಗಿನಕಾಯಿಯ ಸದ್ದು. ಬಿರುಕನ್ನು ದುರಸ್ತಿ ಮಾಡುವ ಪರಿಣತರು ಇದ್ದಾರೆ, ನಿಜ. ಆದರೆ ಮೊದಲ ಸೈಕಲ್ಲನ್ನೇ ದುರಸ್ತಿಯಿಂದ ಶುರುಮಾಡುವುದೇಕೆ? ಕಾರ್ಬನ್ನನ್ನು ಕೈಯಿಂದ ಮುಟ್ಟಿ ನೋಡದೆ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಬೇಡಿ. ಹೆಸರಾಂತ ಕಂಪನಿಯ ಲೇಬಲ್ ಅಂಟಿಸಿದ ನಕಲಿ ಫ್ರೇಮುಗಳೂ ಅಂತರ್ಜಾಲದಲ್ಲಿ ಓಡಾಡುತ್ತವೆ. ಬೆಲೆ ನಂಬಲಾಗದಷ್ಟು ಕಡಿಮೆ ಇದ್ದರೆ ನಂಬದಿರುವುದೇ ಸರಿ.

ಹಾಗಾದರೆ ಕಾರ್ಬನ್ ಬೇಕೇ ಬೇಕೇ? ನಮ್ಮವರು ಪೆನ್ನು ಹಿಡಿದು ಲೆಕ್ಕ ಹಾಕಿದರು. ಮಗಳು 54 ಕಿಲೋ, ಹಳೆಯ ಸೈಕಲ್ಲು ಹತ್ತೂವರೆ, ಹೊಸದು ಎಂಟೂವರೆ. ಒಟ್ಟು ಭಾರದಲ್ಲಿ ಉಳಿಯುವುದು ನೂರಕ್ಕೆ ಮೂರರಷ್ಟು. ಒಂದು ಗಂಟೆಯ ಕಡಿದಾದ ಏರಿನಲ್ಲಿ ಸುಮಾರು ಎರಡು ನಿಮಿಷ. “ಎರಡು ನಿಮಿಷಕ್ಕೆ ಒಂದೂವರೆ ಲಕ್ಷ!” ಎಂದರು. ಮಗಳು ಬಿಡಲಿಲ್ಲ: “ಅಪ್ಪಾ, ಪಂದ್ಯದಲ್ಲಿ ಎರಡು ನಿಮಿಷ ಅಂದ್ರೆ ಮೊದಲನೆಯವಳಿಗೂ ಇಪ್ಪತ್ತನೆಯವಳಿಗೂ ಇರೋ ಅಂತರ.” ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಯ ಹೆಣ್ಣುಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ತರುತ್ತಿರುವುದನ್ನು ಅವಳು ಬಾಯಿಪಾಠ ಮಾಡಿಕೊಂಡಿದ್ದಾಳೆ. ಇಬ್ಬರ ಮಾತೂ ಸರಿಯೇ. ನನ್ನ ಅಭಿಪ್ರಾಯ ಕೇಳುವುದಾದರೆ, ಈಗಷ್ಟೇ ತುಳಿಯಲು ಶುರುಮಾಡಿದವರಿಗೆ ಇದು ಬೇಡ. ಅಲ್ಯೂಮಿನಿಯಂ ಫ್ರೇಮು, ಮುಂದಿನ ಫೋರ್ಕು ಮಾತ್ರ ಕಾರ್ಬನ್ ಇರುವ ಸೈಕಲ್ಲು ಅರ್ಧ ಬೆಲೆಗೆ ಬಂದೀತು, ಧಾರಾಳ ಸಾಕು. ಎರಡು ವರ್ಷ ತುಳಿದು, ಬಿಡದೆ ಮುಂದುವರಿದವರಿಗಾದರೆ ಯೋಚಿಸಬಹುದು. ನಮ್ಮ ಹುಡುಗಿ ಮಂಡಿ ನೋಯಿಸಿಕೊಂಡೂ ಮರಳಿ ಹತ್ತಿದವಳು. ಹೀಗಾಗಿ ಒಪ್ಪಿಕೊಂಡೆ.

“ಎಲ್ಲಿ ಓಡಿಸ್ತೀರಮ್ಮ?”

ನಮ್ಮ ತರೀಕೆರೆಯಲ್ಲಿ ಇಂಥದ್ದು ಸಿಗುವುದಿಲ್ಲ. ‘ಲೋಕಲ್ ಅಂಗಡಿ’ ಎಂದರೆ ನಮ್ಮಂಥವರಿಗೆ ಬೆಂಗಳೂರೇ. ಅರಸೀಕೆರೆ, ತಿಪಟೂರು ದಾಟಿ ಹೋಗಿ ಬರುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಬೇಕು.

ಮೊದಲು ಹೋದ ಅಂಗಡಿ ಗಾಜಿನ ಅರಮನೆಯಂತಿತ್ತು. ಮಾರಾಟದ ಹುಡುಗ ಮಗಳನ್ನು ಮೇಲಿನಿಂದ ಕೆಳಗೆ ನೋಡಿ, “ಮೇಡಂ, 54 ಇದೆ, ಇವತ್ತೇ ಕೊಡ್ತೀನಿ. ಸೀಟು ಇಳಿಸಿದರಾಯ್ತು” ಎಂದ. ಸೀಟು ಇಳಿಸಿದ್ದರ ಫಲ ಉಂಡವರು ನಾವು! ಅಲ್ಲೇ ನಮಸ್ಕಾರ ಹೇಳಿ ಇಳಿದೆವು. ಅಂಗಡಿ ಎಂದ ಮಾತ್ರಕ್ಕೆ ಒಳ್ಳೆಯದೆನ್ನಲಾರೆ. ತನ್ನಲ್ಲಿ ಮಿಕ್ಕಿದ್ದನ್ನು ಕಟ್ಟುವ ಅಂಗಡಿಗಿಂತ, ಸರಿಯಾದ ಅಳತೆ ಕಳಿಸುವ ಅಂತರ್ಜಾಲವೇ ವಾಸಿ.

ಎರಡನೆಯದು ಚಿಕ್ಕ ಅಂಗಡಿ. ಒಳಗೆ ಗ್ರೀಸಿನ ವಾಸನೆ. ಅಲ್ಲಿದ್ದವರು ಬೆಲೆ ಹೇಳಲಿಲ್ಲ, ಬಣ್ಣ ತೋರಿಸಲಿಲ್ಲ. “ಎಲ್ಲಿ ಓಡಿಸ್ತೀರಮ್ಮ? ಯಾವ ರಸ್ತೆ?” ಎಂದು ಕೇಳಿದರು. ಎರಡು ತಿಂಗಳು ಫೋನಿನಲ್ಲಿ ಅಷ್ಟೆಲ್ಲ ಪುಟ ನೋಡಿದ್ದೆವಲ್ಲ, ಒಂದೂ ಈ ಪ್ರಶ್ನೆ ಕೇಳಿರಲಿಲ್ಲ.

ಮಗಳು ಹೇಳಿದಳು: ತರೀಕೆರೆಯಿಂದ ಲಿಂಗದಹಳ್ಳಿ, ಅಲ್ಲಿಂದ ಕಲ್ಲತ್ತಿಗಿರಿ, ಮೇಲಕ್ಕೆ ಕೆಮ್ಮಣ್ಣುಗುಂಡಿ, ಆಮೇಲೆ ಹೆಬ್ಬೆ ಜಲಪಾತ. ನಮ್ಮ ಕಡೆಯವರಿಗೆ ಗೊತ್ತು: ಕೆಮ್ಮಣ್ಣುಗುಂಡಿ ಸಮುದ್ರಮಟ್ಟದಿಂದ 1434 ಮೀಟರ್ ಎತ್ತರ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಗೆ ಬಂದಿರುತ್ತಿದ್ದ ಜಾಗ. ಕಲ್ಲತ್ತಿಗಿರಿಯಿಂದ ಮೇಲಿನ ಸುಮಾರು 10 ಕಿಲೋಮೀಟರ್ ಸುತ್ತುದಾರಿಯಲ್ಲಿ ಕಾರೂ ಏದುಸಿರು ಬಿಡುತ್ತದೆ. ಕೆಮ್ಮಣ್ಣುಗುಂಡಿಯಿಂದ ಹೆಬ್ಬೆಗೆ ಮತ್ತೆ 8 ಕಿಲೋಮೀಟರ್. ಅದು ಕಾಫಿ ತೋಟ, ಕಾಡುಗಳ ನಡುವಿನ ಜೀಪಿನ ದಾರಿ. ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತದಲ್ಲಿ ಬೀಳುವ ನೀರನ್ನು ನೋಡಬೇಕಾದರೆ ಕೊನೆಗೆ ಕಾಲುನಡಿಗೆಯೇ.

ಅಂಗಡಿಯವರು ನಕ್ಕು, “ಹೆಬ್ಬೆ ಆಸೆ ಬಿಡಿ ತಾಯಿ, ಅಲ್ಲಿಗೆ ಯಾವ ರೋಡ್ ಬೈಕೂ ಇಳಿಯಬಾರದು. ಕೆಮ್ಮಣ್ಣುಗುಂಡಿಯಲ್ಲಿ ಸೈಕಲ್ ಬಿಟ್ಟು ಜೀಪ್ ಹತ್ತಿ. ಮಿಕ್ಕ ದಾರಿಗೆ ಏನು ಬೇಕು ನೋಡೋಣ” ಎಂದರು.

ಅವರು ನೋಡಿದ್ದು ಮೂರು ಸಂಗತಿ. ಒಂದು, ಟೈರು. ಪಂದ್ಯದ ಸೈಕಲ್ಲುಗಳಿಗೆ ಹಿಂದೆ 23, 25 ಮಿಲಿಮೀಟರ್ ಅಗಲದ ಟೈರು ಹಾಕುತ್ತಿದ್ದರು. ನಮ್ಮ ರಸ್ತೆಯ ಗುಂಡಿಗಳಿಗೆ 32ರವರೆಗೆ ಹಿಡಿಸುವ ಫ್ರೇಮೇ ಆಗಬೇಕು. ಮೈಗೆ ಕುಲುಕಾಟ ಕಡಿಮೆ ಮಾಡುವುದು ಕಾರ್ಬನ್ನಿಗಿಂತ ಹೆಚ್ಚಾಗಿ ಟೈರಿನೊಳಗಿನ ಗಾಳಿಯಂತೆ. ಎರಡು, ಗೇರು. ಮುಂದಿನ ಸಣ್ಣ ಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡ ಚಕ್ರಕ್ಕೂ 34 ಹಲ್ಲಿದ್ದರೆ ಪೆಡಲ್ ಒಂದು ಸುತ್ತು, ಚಕ್ರವೂ ಒಂದೇ ಸುತ್ತು. ಏರಿನಲ್ಲಿ ಮಂಡಿ ಉಳಿಸುವುದು ಇದು. ಹಿಂದೆ 25, 28 ಹಲ್ಲಿನದನ್ನು ಹಾಕಿಕೊಂಡು ವೀರರಂತೆ ಹೊರಟವರು ಕಲ್ಲತ್ತಿಗಿರಿಯ ತಿರುವಿನಲ್ಲಿ ತಳ್ಳಿಕೊಂಡು ಬರಬೇಕಾದೀತು. ಮೂರನೆಯದು, ಕೂರುವ ಭಂಗಿ. ತೀರ ಬಗ್ಗಿ ಓಡಿಸುವ ರೇಸಿನ ಫ್ರೇಮು ಬೇಡ. ಹ್ಯಾಂಡಲ್ ಸ್ವಲ್ಪ ಎತ್ತರದಲ್ಲಿರುವ, ‘ಎಂಡ್ಯೂರೆನ್ಸ್’ ಎಂದು ಕರೆಯುವ ಜಾತಿ ಸಾಕು ಎಂದರು. ಬ್ರೇಕು ಡಿಸ್ಕಿನದಾದರೆ ಮಲೆನಾಡಿನ ಮಳೆಗೆ ಒಳ್ಳೆಯದು.

ಆಮೇಲೆ ಅಳತೆ. ಇದನ್ನು ನೀವು ಮನೆಯಲ್ಲೂ ಮಾಡಬಹುದು. ಅಂತರ್ಜಾಲದಲ್ಲಿ ಕೊಳ್ಳುವವರಂತೂ ಮಾಡಲೇಬೇಕು. ಬರಿಗಾಲಲ್ಲಿ ಗೋಡೆಗೆ ಬೆನ್ನುಕೊಟ್ಟು ನಿಲ್ಲಿಸಿ, ಗಟ್ಟಿ ರಟ್ಟಿನ ಪುಸ್ತಕವನ್ನು ಕಾಲುಗಳ ನಡುವೆ ಸೀಟಿನಂತೆ ಮೇಲಕ್ಕೆ ಒತ್ತಿ ಹಿಡಿದು, ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಟೇಪು ಹಿಡಿಯಿರಿ. ನಮ್ಮ ಹುಡುಗಿಯದು 74 ಸೆಂಟಿಮೀಟರ್. ಇದನ್ನು 0.883ರಿಂದ ಗುಣಿಸಿದರೆ 65 ಚಿಲ್ಲರೆ. ಪೆಡಲ್ ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ಎತ್ತರ ಹೆಚ್ಚುಕಡಿಮೆ ಇಷ್ಟು. ಇದು ಆರಂಭದ ಅಳತೆ, ಆಮೇಲೆ ಮೈ ಹೇಳಿದಂತೆ ನಾಲ್ಕೈದು ಮಿಲಿಮೀಟರ್ ಹಿಂದೆ ಮುಂದೆ.

ಒಬ್ಬ ಟೈಲರ್ 34 ಎಂದದ್ದು ಇನ್ನೊಬ್ಬನಿಗೆ 36 ಆಗುವಂತೆ, ಸೈಕಲ್ಲಿನ ಅಳತೆಯೂ ಕಂಪನಿಯಿಂದ ಕಂಪನಿಗೆ ಬೇರೆ. ಹಾಗಾಗಿ ಎಸ್, ಎಂ ಎಂಬ ಅಕ್ಷರ ನೋಡಬೇಡಿ. ಪ್ರತಿ ಫ್ರೇಮಿನ ಪಟ್ಟಿಯಲ್ಲಿ ‘ಸ್ಟ್ಯಾಕ್’, ‘ರೀಚ್’ ಎಂಬ ಎರಡು ಅಂಕಿಗಳಿರುತ್ತವೆ. ಪೆಡಲ್ ಅಚ್ಚಿನಿಂದ ಹ್ಯಾಂಡಲ್ ಕೊಳವೆಯ ತುದಿ ಎಷ್ಟು ಮೇಲಿದೆ, ಎಷ್ಟು ಮುಂದಿದೆ ಎನ್ನುವುದು. ಮೈಗೆ ಹೊಂದಿದ ಒಂದು ಸೈಕಲ್ಲಿನ ಈ ಎರಡು ಅಂಕಿ ಬರೆದಿಟ್ಟುಕೊಂಡರೆ ಯಾವ ಕಂಪನಿಯದನ್ನಾದರೂ ತೂಗಿ ನೋಡಬಹುದು.

ಹೆಂಗಸರಿಗೆಂದೇ ಬೇರೆ ಫ್ರೇಮು ಬೇಕೆಂದೇನಿಲ್ಲ ಎಂದರು ಅವರು. ಬೇಕಾದದ್ದು ಸರಿಯಾದ ಸೀಟು, ಭುಜದಗಲಕ್ಕೆ ತಕ್ಕ ಹ್ಯಾಂಡಲ್ಲು, ಚಿಕ್ಕ ಕೈಬೆರಳಿಗೆ ಎಟುಕುವಂತೆ ಹತ್ತಿರ ತಿರುಗಿಸಿದ ಬ್ರೇಕು. ಸೀಟಿನ ವಿಷಯ ಮಗಳು ಗಂಡಸರ ಎದುರು ಹೇಳಲು ಸಂಕೋಚಪಟ್ಟಳು. ನಾನೇ ಬಾಯಿಬಿಟ್ಟು ಕೇಳಿದೆ. ಕೂರುವ ಮೂಳೆಗಳ ಅಂತರ ಹೆಂಗಸರಲ್ಲಿ ಸಾಮಾನ್ಯವಾಗಿ ಹೆಚ್ಚು, ಅಗಲ ಸೀಟು, ನಡುವೆ ತೋಡು ಇರುವುದು ಬೇಕು ಎಂದು ಅವರು ಯಾವ ಮುಜುಗರವೂ ಇಲ್ಲದೆ ಹೇಳಿ ಬದಲಿಸಿಕೊಟ್ಟರು. ಇದನ್ನು ಕೇಳಲು ಸಂಕೋಚಪಟ್ಟು ನೋವು ತಿನ್ನುವ ಹುಡುಗಿಯರೆಷ್ಟೋ!

ಬೆಲೆಯ ಮಾತು

ಅದೇ ಸೈಕಲ್ಲು ಅಂತರ್ಜಾಲದಲ್ಲಿ 1,52,000. ಅಂಗಡಿಯಲ್ಲಿ 1,61,000. ಚೌಕಾಸಿ ನಮ್ಮ ಹುಟ್ಟುಗುಣ, 1,58,000ಕ್ಕೆ ಇಳಿಯಿತು. ಉಳಿದ ಆರು ಸಾವಿರಕ್ಕೆ ಸಿಕ್ಕಿದ್ದು ಇಷ್ಟು: ಒಂದೂವರೆ ಗಂಟೆ ಕೂರಿಸಿ ಹೊಂದಿಸಿದ್ದು, ಸೀಟು ಮತ್ತು ಹ್ಯಾಂಡಲಿನ ಕತ್ತಿನ ತುಂಡನ್ನು ಬದಲಿಸಿದ್ದು, ತಿಂಗಳ ನಂತರದ ಮೊದಲ ಸರ್ವಿಸು. ಇವನ್ನೇ ಬಿಡಿಯಾಗಿ ಮಾಡಿಸಿದ್ದರೆ ಅದಕ್ಕಿಂತ ಹೆಚ್ಚಾಗುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಜಿ.ಎಸ್.ಟಿ. ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿ. ಇನ್ನೊಂದು ಗುಟ್ಟು: ಇಂಥ ಸೈಕಲ್ಲಿಗೆ ಬಹುತೇಕ ಪೆಡಲ್ಲೇ ಬರುವುದಿಲ್ಲ! ಪೆಡಲ್ಲು, ಹೆಲ್ಮೆಟ್ಟು, ದೀಪ, ಪಂಪು, ಟ್ಯೂಬು ಎಂದು ಇನ್ನೊಂದು ಹತ್ತು ಹನ್ನೆರಡು ಸಾವಿರ ಕೈಯಲ್ಲಿರಲಿ.

ಅಂತರ್ಜಾಲ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ತನ್ನ ಅಳತೆ ಖಚಿತವಾಗಿ ಗೊತ್ತಿರುವವರಿಗೆ, ಜೋಡಿಸುವ ಕೈ ಹತ್ತಿರವಿರುವವರಿಗೆ ಅದರಲ್ಲಿ ಲಾಭವಿದೆ. ಪೆಟ್ಟಿಗೆ ಒಡೆಯುವಾಗ ಆರಂಭದಿಂದ ವೀಡಿಯೋ ಮಾಡಿ. ಫ್ರೇಮಿನ ಕೆಳಗಿನ ನಂಬರು ಬಿಲ್ಲಿನಲ್ಲಿ ಇದೆಯೇ ನೋಡಿ. ವಾರಂಟಿ ಸಾಮಾನ್ಯವಾಗಿ ಮೊದಲು ಕೊಂಡವರ ಹೆಸರಿಗೆ ಮಾತ್ರ, ಬಿದ್ದು ಒಡೆದದ್ದಕ್ಕೆ ಇಲ್ಲ. ಬಂದ ವಸ್ತುವಿನಲ್ಲಿ ದೋಷವಿದ್ದರೆ, ಹೇಳಿದ್ದೊಂದು ಕಳಿಸಿದ್ದೊಂದಾದರೆ, ವಾಪಸು ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ. 2020ರ ಇ-ವಾಣಿಜ್ಯ ನಿಯಮಗಳಲ್ಲಿ ಹಾಗಿದೆ. 1915ಕ್ಕೆ ಫೋನ್ ಮಾಡಬಹುದು. 2019ರ ಗ್ರಾಹಕ ಕಾಯ್ದೆಯ ಪ್ರಕಾರ ನಾವಿರುವ ಜಿಲ್ಲೆಯಲ್ಲೇ, ಅಂದರೆ ನಮಗೆ ಚಿಕ್ಕಮಗಳೂರಿನಲ್ಲೇ, ದೂರು ಕೊಡಬಹುದು. ಐದು ಲಕ್ಷದವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ. ಆದರೆ ‘ಅಳತೆ ಹೊಂದಲಿಲ್ಲ’ ಎನ್ನುವುದು ವಸ್ತುವಿನ ದೋಷವಲ್ಲ. ಅದಕ್ಕೆ ಆ ಮಾರಾಟಗಾರರು ತಾವೇ ಇಟ್ಟುಕೊಂಡ ವಾಪಸಿನ ನಿಯಮವೇ ಗತಿ. ಹಣ ಕಟ್ಟುವ ಮೊದಲು ಓದಬೇಕಾದ ಸಾಲು ಅದು. ನಾವು ಆಗ ಓದದೇ ಬಿಟ್ಟದ್ದೂ ಅದನ್ನೇ.

ಊರಿಗೆ ತಂದ ಮೇಲೆ ಮಗಳು ಮೊದಲು ಕರೆದೊಯ್ದದ್ದು ನಮ್ಮ ಬೀದಿಯ ಸೈಕಲ್ ಶಾಪಿನ ಭಾಯಿಯ ಹತ್ತಿರ. ಅವಳ ಸರ್ಕಾರಿ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದವರು ಅವರೇ. ಸುತ್ತ ತಿರುಗಿ ನೋಡಿ, “ಇದು ನನ್ನ ಸ್ಪ್ಯಾನರಿಗೆ ಬರೋದಲ್ಲಮ್ಮ. ನಾನು ಬಿಗಿಯೋದು ತೋಳಿನ ಲೆಕ್ಕದಲ್ಲಿ” ಎಂದರು. ಆ ಪ್ರಾಮಾಣಿಕತೆಗೆ ಕೈಮುಗಿಯಬೇಕು. ಕಾರ್ಬನ್ ಕೊಳವೆಯ ಬೋಲ್ಟುಗಳ ಪಕ್ಕ ಐದು, ಆರು ನ್ಯೂಟನ್ ಮೀಟರ್ ಎಂದು ಬರೆದಿರುತ್ತದೆ; ಅಷ್ಟಕ್ಕೆ ಬಂದೊಡನೆ ‘ಟಿಕ್’ ಎನ್ನುವ ಟಾರ್ಕ್ ಸ್ಪ್ಯಾನರ್ ಬೇಕು. ಮಗಳು ಒಂದನ್ನು ತರಿಸಿದಳು. ಈಗ ಅದು ಭಾಯಿಯ ಅಂಗಡಿಯಲ್ಲೇ ಇರುತ್ತದೆ. ಬಿಗಿಯುವವರು ಅವರು, ಟಿಕ್ ಸದ್ದಿಗೆ ಕಿವಿಗೊಟ್ಟು ನಿಲ್ಲುವವಳು ಇವಳು.

ಆಯುಧಪೂಜೆಯ ದಿನ ಒಂದು ಅನಾಹುತ ತಪ್ಪಿತು. ಅತ್ತೆಯವರು ಸೈಕಲ್ಲಿಗೂ ಅರಿಸಿನ ಕುಂಕುಮ ಹಚ್ಚಿ, ಹೊಳೆಯುವ ತಟ್ಟೆಯಂಥ ಬ್ರೇಕಿನ ಡಿಸ್ಕಿಗೆ ಎಣ್ಣೆಯ ಬೊಟ್ಟಿಡಲು ಬಗ್ಗಿದ್ದರು. “ಅಜ್ಜೀ, ಅಲ್ಲಿ ಬೇಡ!” ಎಂದು ಮಗಳು ಓಡಿಬಂದಳು. ಡಿಸ್ಕಿಗೆ ಎಣ್ಣೆ ತಾಗಿದರೆ ಬ್ರೇಕು ಹಿಡಿಯುವುದಿಲ್ಲ, ಒಳಗಿನ ಪ್ಯಾಡನ್ನೇ ಬದಲಿಸಬೇಕಾದೀತು. ಕೊನೆಗೆ ಹ್ಯಾಂಡಲ್ಲಿಗೆ ಒಂದು ಚೆಂಡು ಹೂವು ಸಿಕ್ಕಿಸಿ ಪೂಜೆ ಮುಗಿಸಿದರು.

ಹೋದ ತಿಂಗಳು ಅವಳು ಕೆಮ್ಮಣ್ಣುಗುಂಡಿಯವರೆಗೂ ಹತ್ತಿ ಬಂದಳು. ಇಳಿಯುವಾಗ ಕಲ್ಲತ್ತಿಗಿರಿಯಿಂದ ಫೋನ್ ಮಾಡಿದಾಗ ನಾನು ಕೇಳಿದ ಮೊದಲ ಮಾತು, “ಮಂಡಿ ಹೇಗಿದೆಯೇ?” “ಹಸಿವಾಗ್ತಿದೆ ಅಮ್ಮ, ಅಷ್ಟೇ” ಎಂದಳು.

ಸೈಕಲ್ಲು ನಡುಮನೆಯಲ್ಲಿ ಟಿ.ವಿ.ಯ ಪಕ್ಕ ನಿಂತಿರುತ್ತದೆ. ಬಂದವರೆಲ್ಲ ಬೆಲೆ ಕೇಳುತ್ತಾರೆ. ಅತ್ತೆಯವರು ನಮಗೆ ಬಾಯಿ ತೆರೆಯಲು ಬಿಡದೆ “ಹದಿನೈದು ಸಾವಿರ” ಎಂದುಬಿಡುತ್ತಾರೆ. ಕಣ್ಣು ಬೀಳಬಾರದಂತೆ.